ವಾಪಸ್ ಬಂದ ಕಾಯಿ

ಜಕ್ಕಲಿಯಲ್ಲಿ ಆ ಮನೆಗೆ ಎರಡು ಹೆಸರು. ಹುಡುಗರನ್ನು ಕೇಳಿದರೆ ‘ರೊಟ್ಟಿ ಮನಿ’ ಎಂದು ಕೈ ತೋರಿಸುತ್ತಾರೆ. ತಲೆ ನೆರೆತವರನ್ನು ಕೇಳಿದರೆ ‘ಕಾಯಿ ಅಂದಾನೆಪ್ಪನ ಮನಿ’ ಎನ್ನುತ್ತಾರೆ.

ಅಂದಾನೆಪ್ಪ ಈಗಿಲ್ಲ. ಇದ್ದಾಗ, ಸುತ್ತಿನ ಹಳ್ಳಿಗಳಲ್ಲಿ ಯಾರು ಬಾವಿ ತೋಡಿಸಿದರೂ ಮೊದಲು ಅವನಿಗೆ ಹೇಳಿಕಳಿಸುತ್ತಿದ್ದರು. ಅವನು ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಹೊಲವೆಲ್ಲ ತಿರುಗುವನು. ಎಲ್ಲಿ ಕಾಯಿ ಎದ್ದು ನಿಂತಿತೋ ಅಲ್ಲಿ ಹಿಮ್ಮಡಿಯಿಂದ ಗೆರೆ ಎಳೆದು, ‘ಇಲ್ಲಿ ತೋಡ್ರಿ, ಗಂಗವ್ವ ಕುಂತಾಳ’ ಎನ್ನುವನು. ಮಗ ಗುರುಸಂಗಪ್ಪನ ಕೈಯಲ್ಲಿ ಕಾಯಿ ಒಂದು ದಿನವೂ ಏಳಲಿಲ್ಲ. ಹರೆಯದಲ್ಲಿ ಹಿತ್ತಲಿಗೆ ಹೋಗಿ ಕದ್ದು ಹಿಡಿದು ನೋಡಿದ್ದ. ಕಾಯಿ ಕಾಯಿಯಂತೆಯೇ ಮಲಗಿತ್ತು. ಅಪ್ಪ ಹೋದ ಮೇಲೂ ಊರವರು ‘ಕಾಯಿ ಅಂದಾನೆಪ್ಪನ ಮಗ ಅಲ್ಲೇನ್ರಿ, ನಮ್ಮ ಹೊಲಕ್ಕೊಂದು ಸಲ ಬರ್ರಿ’ ಎಂದರೆ ಅವನ ಮುಖ ಸಣ್ಣದಾಗುತ್ತಿತ್ತು.

ಮನೆ ನಡೆಯುವುದು ಅರ್ಧ ಅವನ ಹೊಲದಿಂದ, ಇನ್ನರ್ಧ ಅವನ ಹೆಂಡತಿ ಅನ್ನಪೂರ್ಣೇಶ್ವರಿಯ ರೊಟ್ಟಿಯಿಂದ. ರೋಣದ ಖಾನಾವಳಿಗಳಿಗೆ, ನರಗುಂದದ ಮದುವೆಗಳಿಗೆ ಅವಳ ಖಡಕ್ ರೊಟ್ಟಿಯೇ ಆಗಬೇಕು. ಪಡಸಾಲೆಯ ಬಲಕ್ಕೊಂದು ಎಡಕ್ಕೊಂದು, ಅವಳಿ ಮಕ್ಕಳಂತೆ ಎರಡು ಕೋಣೆ. ಒಂದೇ ಅಗಲ, ಒಂದೇ ತರದ ಬಾಗಿಲು. ಬಲಗಡೆಯದು ರೊಟ್ಟಿ ಕೋಣೆ. ಎಡಗಡೆಯದರಲ್ಲಿ ಹೊಟ್ಟು, ಕಾಳಿನ ಚೀಲ. ನಸುಕಿನಲ್ಲೇ ಅನ್ನಪೂರ್ಣೇಶ್ವರಿ, ಅತ್ತೆ ಸಿದ್ದಲಿಂಗವ್ವ, ಓಣಿಯ ಸಕ್ಕೂಬಾಯಿ ಮೂವರೂ ಜೋಡು ಒಲೆಯ ಮುಂದೆ ಕೂರುವರು. ಸಿದ್ದಲಿಂಗವ್ವನ ಬಾಯಲ್ಲಿ ತವರಿನಿಂದ ತಂದ ದೇವರ ಪದ, ಕೈಯಲ್ಲಿ ರೊಟ್ಟಿ. ಪದದ ಓಟಕ್ಕೆ ಬಡಿತ, ಬಡಿತದ ಓಟಕ್ಕೆ ಪದ. ಇತ್ತೀಚೆಗೆ ಆ ಪದ ನಡುನಡುವೆ ‘ಯಪ್ಪಾ ಶಿವನ’ ಎಂದು ಮುರಿಯುತ್ತಿತ್ತು. ಅದು ಪದದಲ್ಲಿ ಇದ್ದದ್ದಲ್ಲ, ಮೊಣಕಾಲಿನದು.

ದೀಪಾವಳಿ ಕಳೆದ ವಾರ ಗುರುಸಂಗಪ್ಪ ಒಬ್ಬ ತರುಣನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ, ಸೊಂಟಕ್ಕೆ ಒಂದು ಕರಿ ಡಬ್ಬಿ, ಕೈಯಲ್ಲಿ ಮೊಳಕೈಯಂತೆ ಬಾಗಿದ ಎರಡು ಹಿತ್ತಾಳೆ ಕಡ್ಡಿ.

“ಯವ್ವಾ, ಇವರು ಕಳಕೇಶ ಅಂತ, ಗಜೇಂದ್ರಗಡದವರು. ಕಡ್ಡಿ ಹಿಡದು ನೀರು ನೋಡ್ತಾರ. ನಳ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಎಷ್ಟ ದಿನ ಕೊಡ ಹೊತ್ತು ರೊಟ್ಟಿ ಮಾಡ್ತೀರಿ? ಮನಿ ಮುಂದೊಂದು ಬೋರ್ ಹಾಕಿಸಿ ಬಿಡೂಣು.”

“ಕಾಲ ಕಾಯಿ ಬಿಟ್ಟು ಕಡ್ಡಿಗೆ ಬಂತೇನಪ್ಪಾ?” ಎಂದಳು ಸಿದ್ದಲಿಂಗವ್ವ.

“ಇದು ಸೈಂಟಿಫಿಕ್ ಐತ್ರಿ ಆಯಿ,” ಎಂದ ಕಳಕೇಶ ವಿನಯದಿಂದ. “ಕಡ್ಡಿ ನೆಲದ ಎನರ್ಜಿ ಹಿಡಿತೈತಿ, ಡಬ್ಬಿ ಅದನ್ನ ಅಳಿತೈತಿ. ಮೈಯಾಗಿನ ಬ್ಯಾನಿನೂ ತೋರಸ್ತೈತಿ.”

ಅವನು ಅಂಗಳ ತಿರುಗಿದ, ಪಡಸಾಲೆ ತಿರುಗಿದ. ಕಡ್ಡಿಗಳು ಎರಡು ಎತ್ತಿನಂತೆ ನೇರ ನಡೆದವು. ರೊಟ್ಟಿ ಕೋಣೆಯ ಬಾಗಿಲು ದಾಟಿ ಒಲೆಯ ಹತ್ತಿರ ಬಂದದ್ದೇ ತಡ, ಎರಡೂ ತಿರುಗಿ ಒಂದರ ಮೇಲೊಂದು ಬಿದ್ದವು. ಡಬ್ಬಿ ಕುಂಯ್ ಎಂದಿತು.

“ಅಕ್ಕಾರ, ನನ್ನ ಮೊಬೈಲ್ ಚಾರ್ಜ್ ಮುಗದ್ರೂ ಹಿಂಗ ಒದರತೈತಿ ನೋಡ್ರಿ,” ಎಂದಳು ಸಕ್ಕೂಬಾಯಿ, ರೊಟ್ಟಿ ತಿರುವಿ ಹಾಕುತ್ತ.

ಕಳಕೇಶ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಒಲೆಯ ಬಾಯಿಗೆ ಸರಿಯಾಗಿ ಸುಣ್ಣದಿಂದ ಒಂದು ಸುತ್ತು ಗುರುತು ಹಾಕಿ ಎದ್ದುನಿಂತ. “ಕಾಕಾರ, ತೋಳು ಗಾತ್ರದ ನೀರು ಐತಿ. ಇಲ್ಲೇ ಒಲಿ ಬುಡಕ್ಕ. ಆಯಿ ಮೊಣಕಾಲು ಯಾಕ ನೋಯ್ತಾವಂತ ಈಗ ತಿಳೀತು. ದಿನಾ ನೀರಿನ ಗೆರಿ ಮ್ಯಾಲ ಕುಂದರ್ತಾರ. ಆ ಜಲ ಕಾಲಿನ ಶಕ್ತಿ ಎಲ್ಲಾ ಎಳಕೊಳ್ತೈತಿ. ಬೋರ್ ಹಾಕಿ ನೀರು ಮ್ಯಾಲ ತಗದ್ರ ಗೆರಿ ಒಡಿತೈತಿ. ಮನಿಗೆ ನೀರೂ ಆತು, ಮೊಣಕಾಲಿಗೆ ಔಷಧನೂ ಆತು.”

“ಬೋರಿನ ಗಾಡಿ ಕೋಲಿಯೊಳಗ ಹ್ಯಾಂಗ ಬರ್ತೈತ್ರಿ?” ಎಂದಳು ಅನ್ನಪೂರ್ಣೇಶ್ವರಿ. ಅಷ್ಟರಲ್ಲೇ ಅವಳಿಗೆ ಉತ್ತರ ಹೊಳೆದಿತ್ತು.

“ಓಣಿ ಕಡೆ ಗ್ವಾಡಿ ತಗೀಬೇಕಾಗ್ತೈತ್ರಿ ಅಕ್ಕಾರ. ಮ್ಯಾಲಿನ ಮಾಳಗಿನೂ.”

“ಅಂದ್ರ ನನ್ನ ಕೋಲಿ ಕೆಡವೂದು.”

“ಹಿತ್ತಲದಾಗ ತಗಡ ಹೊದಿಸಿ ಕೊಟ್ಟರಾತು,” ಎಂದ ಗುರುಸಂಗಪ್ಪ. “ರೊಟ್ಟಿ ಎಲ್ಲಿ ಬಡದರೂ ರೊಟ್ಟಿನ.”

“ಹಂಗಾರ ನೀವ ತಗಡಿನ ಬುಡಕ ಕುಂತು ಬ್ಯಾಸಗ್ಯಾಗ ಬಡೀರಿ. ನಾ ಬೈಕ್ ಮ್ಯಾಲ ಗಜೇಂದ್ರಗಡ ತಿರಗತೀನಿ.”

ರೋಣದಲ್ಲಿ ಬಿಎಸ್ಸಿ ಓದುವ ಮಗಳು ಸುವರ್ಣಾ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೊರಟವಳು ಬಾಗಿಲಲ್ಲೇ ನಿಂತಳು. “ಅಪ್ಪಾ, ನೆಲದಾಗ ನೀರು ಹಿಂಗ ನಾಲಾದಂಗ ಗೆರಿ ಹೊಡದು ಹರಿಯಂಗಿಲ್ಲ. ಕಲ್ಲಿನ ಸಂದ್ಯಾಗ ಇಂಗಿರ್ತೈತಿ. ನಮ್ಮ ಸರ್ ಪಾಠ ಮಾಡ್ಯಾರ.”

“ನಿಮ್ಮ ಸರ್ ಮನಿಗೆ ನೀರು ಎಲ್ಲಿಂದ ಬರ್ತೈತಿ?”

“ಟ್ಯಾಂಕರ್ ತರಸ್ತಾರ.”

“ಮತ್ತ!” ಎಂದ ಗುರುಸಂಗಪ್ಪ, ಗೆದ್ದವನಂತೆ.

ಕಳಕೇಶ ಕಡ್ಡಿಗಳನ್ನು ಅವನ ಕೈಗೆ ಕೊಟ್ಟ. “ಕಾಕಾರ, ನೀವ ಹಿಡದು ನೋಡ್ರಿ. ಸಡ್ಲ ಹಿಡೀರಿ.” ಗುರುಸಂಗಪ್ಪ ಬಾಗಿಲಿನಿಂದ ಒಂದೊಂದೇ ಹೆಜ್ಜೆ ಇಟ್ಟ. ಒಲೆಯ ಹತ್ತಿರ ಬಂದಾಗ ಕಡ್ಡಿಗಳು ನಡುಗಿದವು, ನಿಧಾನಕ್ಕೆ ತಿರುಗಿದವು, ಕೂಡಿದವು.

“ಯವ್ವಾ... ನನ್ನ ಕೈಯಾಗ ಬಂತು. ನೋಡ. ಅಪ್ಪನ ಕೈಯಾಗ ಬಂದಂಗ.”

ಅವನ ಮುಖ ನೋಡಿದ ಸಿದ್ದಲಿಂಗವ್ವ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಅನ್ನಪೂರ್ಣೇಶ್ವರಿ ಒಲೆಗೆ ಕುಳ್ಳು ತಳ್ಳಿದಳು.

ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಬೋರಿನ ಗಾಡಿ ಬರುವುದೆಂದಾಯಿತು. ಅದಕ್ಕೆ ಮೊದಲು ಕಳಕೇಶ ಇನ್ನೊಮ್ಮೆ ಬಂದು ಪಾಯಿಂಟು ಪಕ್ಕಾ ಮಾಡಿಕೊಡುವನು. ಹೋಗುವಾಗ ಮೊಣಕಾಲಿಗೆಂದು ಒಂದು ತಾಮ್ರದ ತಟ್ಟೆ ಕೊಟ್ಟ. ಅಂಚಿಗೆ ಬಣ್ಣದ ಹರಳು, ನಡುವೆ ಸುರುಳಿ ಗೆರೆ. ಆಯಿಯ ಹಾಸಿಗೆಯ ಬುಡದಲ್ಲಿ ಇಡಬೇಕು, ಅದು ನೀರಿನ ಎಳೆತವನ್ನು ತಡೆಯುತ್ತದೆ. ಗುರುಸಂಗಪ್ಪ ಅದಕ್ಕೆ ಎಷ್ಟು ಕೊಟ್ಟನೆಂದು ಹೆಂಡತಿಗೆ ಹೇಳಲಿಲ್ಲ. ಹೆಂಡತಿ ಕೇಳಲೂ ಇಲ್ಲ. ಎರಡು ದಿನ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದಳು.

ಅಪ್ಪನ ಕಾಲದ ಪದ್ಧತಿಯಂತೆ ಗುರುಸಂಗಪ್ಪ ಒಂದು ತೆಂಗಿನಕಾಯಿ ತಂದು, ಅರಿಷಿಣ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟ. “ನೀರು ಬಿದ್ದ ದಿನ ಗಂಗವ್ವಗ ಒಡಿಯೂಣು,” ಎಂದ.

“ಪದ್ಧತಿ ನೆನಪೈತಿ ನಿನಗ,” ಎಂದಳು ತಾಯಿ.

“ಅಪ್ಪ ಮಾಡೂದು ನೋಡೀನಲ್ಲ.”

“ಅರ್ಧ ನೋಡೀದಿ,” ಎಂದು ಮತ್ತೇನೋ ಹೇಳಹೊರಟವಳು, ಒಲೆಯ ಮೇಲಿನ ಎಸರು ಉಕ್ಕಿದ್ದರಿಂದ ಎದ್ದು ಹೋದಳು.

*

ಊಟಕ್ಕೆ ಕೂತಾಗಲೆಲ್ಲ ಜಗಳ. ಗುರುಸಂಗಪ್ಪನಿಗೆ ಜೋಳದ ರೊಟ್ಟಿಯ ಜೊತೆ ಕಾಯಿಚಟ್ನಿ ಎಂದರೆ ಪ್ರಾಣ. ಶೇಂಗಾ ಹಿಂಡಿ ಇರಲಿ, ಬದನೆಕಾಯಿ ಎಣ್ಣೆಗಾಯಿ ಇರಲಿ, ವಾರಕ್ಕೊಮ್ಮೆಯಾದರೂ ಅದನ್ನು ಕೇಳುವನು. ಮಾಡಿಕೊಟ್ಟರೆ ಒಂದು ತುತ್ತು ತಿಂದು ತಲೆ ಅಲ್ಲಾಡಿಸುವನು.

“ನಾ ಸಣ್ಣಾಂವ ಇದ್ದಾಗ ಅವ್ವ ಮಾಡ್ತಿದ್ಲು. ಆ ರುಚಿ ಇದಕ್ಕ ಬರಂಗಿಲ್ಲ.”

“ಮದಿವ್ಯಾದಾಗಿಂದ ಇದ ಹಾಡು,” ಎನ್ನುವಳು ಅನ್ನಪೂರ್ಣೇಶ್ವರಿ. “ಗಜೇಂದ್ರಗಡದ ಕಡ್ಡಿ ತರಸ್ರಿ. ರುಚಿ ಎಲ್ಲೈತಂತ ತೋರಸ್ತೈತಿ.”

“ನಗಬ್ಯಾಡ. ಬೋರಿನ್ಯಾಗ ನೀರು ಬರಲಿ, ಆಗ ನೋಡೂಣು.”

“ಬರಲಿಲ್ಲಂದ್ರ?”

“ಬರ್ತೈತಿ. ನನ್ನ ಕೈಯಾಗ ಬಂದೈತಿ.”

ಸುವರ್ಣಾ ಸುಮ್ಮನಿರುವ ಹುಡುಗಿಯಲ್ಲ. “ಅಪ್ಪಾ, ನಮಗ ಗೊತ್ತಿಲ್ಲದಂಗ ಕೈ ತಾನ ಅಳ್ಳಾಡ್ತೈತಿ. ಮನಸ್ಸು ಎಲ್ಲಿ ನೀರು ಐತಿ ಅಂತೈತೋ ಅಲ್ಲಿ ಮುಂಗೈ ತಿರಗತೈತಿ. ನೀ ಹಿಡಿಯೂಕಿಂತ ಮೊದಲ ಅಂವ ಒಲಿ ಬುಡಕ್ಕ ಗುರುತು ಹಾಕಿದ್ದ. ನಿನಗ ಗೊತ್ತಿತ್ತು.”

“ಹಂಗಾರ ನಿಮ್ಮ ಅಜ್ಜಗ ಯಾರು ಗುರುತು ಹಾಕಿಕೊಟ್ಟಿದ್ರು?” ಗುರುಸಂಗಪ್ಪನ ದನಿ ಏರಿತು. “ನಮ್ಮ ಅಪ್ಪ ಸುಳ್ಳ ಅಂತೀಯೇನು? ಹಳ್ಳದ ದಂಡಿ ಬಾವಿ ನೋಡು. ಅಪ್ಪನ ಕಾಯಿ ಎದ್ದಲ್ಲೇ ತೋಡಿದ್ದು. ಇಂದಿಗೂ ನೀರು ಐತಿ.”

ಸುವರ್ಣಾ ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದಳು. ಅಪ್ಪನೊಡನೆ ವಾದ ಮಾಡಬಹುದಿತ್ತು, ತಾನು ಕಂಡೇ ಇಲ್ಲದ ಅಜ್ಜನೊಡನೆ ಹೇಗೆ ಮಾಡುವುದು?

ಕೋಣೆ ಕೆಡವುವುದು ನಿಶ್ಚಯವೆಂದಾದ ಮೇಲೆ ಸಿದ್ದಲಿಂಗವ್ವ ತನ್ನ ಕೆಲಸಕ್ಕೆ ಎದ್ದಳು. “ಗಾಡಿ ಬಂದ ದಿನ ಒಲಿ ಒಡದು, ಆಮ್ಯಾಲ ಹೊಸಾದು ಹೂಡೂದಲ್ಲ,” ಎಂದಳು ಸೊಸೆಗೆ. “ಮೊದಲ ಹೊಸ ಒಲಿ ಹೂಡಬೇಕು. ಹಳೇ ಒಲಿ ಕೆಂಡ ಅದಕ್ಕ ಹೋಗಬೇಕು. ಆಮ್ಯಾಲ ಹಳೇದಕ್ಕ ಕೈ ಮುಗದು ಬಿಚ್ಚಬೇಕು. ಮನಿ ಬೆಂಕಿ ಆರಬಾರದವಾ.”

ಹಿತ್ತಲಿನ ತಗಡು ಇನ್ನೂ ಬಂದಿರಲಿಲ್ಲ. ನರಗುಂದದ ಮದುವೆಯ ರೊಟ್ಟಿ ಒಪ್ಪಿಕೊಂಡಾಗಿತ್ತು. ಹಾಗಾಗಿ ಎಡಗಡೆಯ ಕೋಣೆಯಿಂದ ಚೀಲಗಳನ್ನು ಎತ್ತಿದರು. ಅಲ್ಲಿ ನೆಲದಲ್ಲಿ ಇಲಿ ತೋಡಿದ ತೆಗ್ಗು. ಆದರೆ ಗೋಡೆಗುಂಟ ಸೊಂಟದೆತ್ತರದ ಕಲ್ಲಿನ ಕಟ್ಟೆ ಇತ್ತು, ಕಾಳಿನ ಚೀಲಕ್ಕೆ ತಂಪು ಹತ್ತಬಾರದೆಂದು ಹಿಂದಿನವರು ಕಟ್ಟಿಸಿದ್ದು. ಸಿದ್ದಲಿಂಗವ್ವ ಆ ಕಟ್ಟೆಯ ಮೇಲೆಯೇ ಕೆಮ್ಮಣ್ಣು ಕಲಸಿ ಜೋಡು ಒಲೆ ಹೂಡಿದಳು. ಸೋಮವಾರ ನಸುಕಿನಲ್ಲಿ ಹಳೆಯ ಒಲೆಯ ಕೆಂಡವನ್ನು ಕುಳ್ಳಿನ ಚೂರಿನ ಮೇಲಿಟ್ಟುಕೊಂಡು, ಪದ ಹೇಳುತ್ತ, ಪಡಸಾಲೆ ದಾಟಿ ಒಯ್ದಳು. ಬಳಿಕ ಹಳೆಯ ಒಲೆಯನ್ನು ಬಿಚ್ಚಿ, ಆ ಜಾಗ ಬರಿದಿರಬಾರದೆಂದು ಗೋಡೆಯಿಂದ ಗೋಡೆಗೆ ಸೆಗಣಿಯಿಂದ ಸಾರಿಸಿ, ರಂಗೋಲಿ ಬರೆದು ದೀಪ ಹಚ್ಚಿಟ್ಟಳು. ಕಳಕೇಶನ ಸುಣ್ಣದ ಗುರುತು ಅದರಡಿ ಹೋಯಿತು. ಮರುದಿನ ಕಾಳಿನ ಚೀಲಗಳು ಅಲ್ಲಿಗೆ ಬಂದವು.

ಕಟ್ಟೆಯ ಮೇಲಿನ ಒಲೆಗೆ ಮೊದಲು ಬೈದವಳು ಸಕ್ಕೂಬಾಯಿ. “ನಿಂತು ರೊಟ್ಟಿ ಬಡಿಯೂದಂದ್ರ ಹೆಂಗಸರ ಕೆಲಸೇನ್ರಿ ದೊಡ್ಡವ್ವಾರ? ಹೋಟೆಲ್ ಭಟ್ಟರಂಗ!” ಒಂದು ವಾರ ಕಳೆಯುವಷ್ಟರಲ್ಲಿ ಅವಳೇ, “ಸೊಂಟ ಹಗುರಾತ್ರಿ ಅಕ್ಕಾರ,” ಎಂದಳು. ಸಿದ್ದಲಿಂಗವ್ವನಿಗೆ ಒಂದು ಎತ್ತರದ ಸ್ಟೂಲು ಹಾಕಿದ್ದರು. ಕಾಲು ಮಡಚುವುದಿಲ್ಲ, ನೆಲಕ್ಕೆ ಕೈಯೂರಿ ಏಳುವುದಿಲ್ಲ. ಮದುವೆಯ ರೊಟ್ಟಿಯ ರಾಶಿ ಮುಗಿಯುವ ಹೊತ್ತಿಗೆ ಅವಳ ಪದ ನಡುವೆ ಮುರಿಯದೆ ಸಾಗತೊಡಗಿತ್ತು.

ಅದನ್ನು ಮೊದಲು ಗಮನಿಸಿದವನು ಗುರುಸಂಗಪ್ಪ. “ಯವ್ವಾ, ಕಾಲು ಕಡಿಮಿ ಆದಂಗ ಕಾಣತಾವು?”

“ಹೂಂನಪಾ. ನಿನ್ನೆ ಗುಡಿ ಮೆಟ್ಟಲ ಹತ್ತಿ ಬಂದೆ.”

ಅವನು ಪಡಸಾಲೆಯ ನಡುವೆ ನಿಂತು ಹೆಂಡತಿಗೂ ಮಗಳಿಗೂ ಕೇಳುವಂತೆ ಹೇಳಿದ: “ತಾಮ್ರದ ತಟ್ಟಿ! ಯಾರ್ಯಾರು ನಕ್ಕಿದ್ರಿ? ಮುಂದ ಬರ್ರಿ.”

“ಅಪ್ಪಾ, ಆಯಿ ಈಗ ನೆಲದ ಮ್ಯಾಲ ಕುಂದರೂದಿಲ್ಲ. ಅದಕ್ಕ,” ಎಂದಳು ಸುವರ್ಣಾ.

“ಸ್ಟೂಲಿನಿಂದ ಬ್ಯಾನಿ ಹೋಗೂದಾಗಿದ್ರ ಸ್ಟೂಲಿನ ಅಂಗಡಿಯಾಂವ ಡಾಕ್ಟರ್ ಆಗತಿದ್ದ. ತಟ್ಟಿ ಕೆಲಸ ಇದು.”

“ತಟ್ಟಿ ಎಲ್ಲೈತಿ?” ಎಂದಳು ಮಗಳು.

“ನಿಮ್ಮ ಆಯಿ ಹಾಸಿಗಿ ಬುಡಕ.”

ಸುವರ್ಣಾ ಹೋಗಿ ಹಾಸಿಗೆ ಎತ್ತಿದಳು. ಚಾಪೆ ಎತ್ತಿದಳು. ತಟ್ಟೆ ಇರಲಿಲ್ಲ. ಸಿದ್ದಲಿಂಗವ್ವ ಸಂಕೋಚದಿಂದ ಕುಡಿಯುವ ನೀರಿನ ಕೊಡದ ಕಡೆ ಕೈ ತೋರಿಸಿದಳು. ಕೊಡದ ಬಾಯಿಗೆ ಅಳತೆ ಮಾಡಿಸಿದಂತೆ ತಾಮ್ರದ ತಟ್ಟೆ ಕೂತಿತ್ತು, ಹರಳುಗಳು ಮಿನುಗುತ್ತಿದ್ದವು.

“ಮೊದಲನೇ ರಾತ್ರಿನ ಬೆನ್ನಿಗೆ ಒತ್ತಿತಪಾ. ಕೊಡದ ಮುಚ್ಚಳ ಒಡದಿತ್ತು. ಅದಕ್ಕ ಇಟ್ಟೆ.”

ಅನ್ನಪೂರ್ಣೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡಳು. ಗುರುಸಂಗಪ್ಪ ಕೊಡವನ್ನು ನೋಡಿದ, ತಾಯಿಯ ಕಾಲು ನೋಡಿದ, ಬಳಿಕ ಬೆರಳೆತ್ತಿದ.

“ನೀರಿನ ಮೂಲಕ ಕೆಲಸ ಮಾಡೇತಿ! ಆ ನೀರು ಕುಡದಾಳಲ್ಲ!”

“ನಾವೂ ಕುಡದೀವ್ರಿ,” ಎಂದಳು ಅನ್ನಪೂರ್ಣೇಶ್ವರಿ. “ನನಗೇನೂ ಆಗಿಲ್ಲ. ನಿಮ್ಮ ಮ್ಯಾಲಿನ ಸಿಟ್ಟ ಅಷ್ಟ ಜಾಸ್ತಿ ಆಗೇತಿ.”

*

ಎಳ್ಳ ಅಮಾವಾಸ್ಯೆಗೆ ಎರಡು ದಿನ ಇತ್ತು. ಹೊಲಕ್ಕೆ ಒಯ್ಯುವ ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿಗಾಗಿ ಎಡಗಡೆಯ ಕೋಣೆಯಲ್ಲಿ ಜೋಡು ಒಲೆ ಉರಿಯುತ್ತಿದ್ದವು. ಇಷ್ಟು ವಾರಗಳ ಹೊಗೆಗೆ ಅಲ್ಲಿನ ಗೋಡೆ ಆಗಲೇ ಕಪ್ಪಾಗಿ, ಆ ಕೋಣೆ ಹುಟ್ಟಿದಾಗಿನಿಂದ ಅಡುಗೆಮನೆಯೇ ಆಗಿತ್ತೆನ್ನುವಂತೆ ಕಾಣುತ್ತಿತ್ತು. ಗುರುಸಂಗಪ್ಪ ಬಚ್ಚಲಲ್ಲಿದ್ದ. ಸುವರ್ಣಾ ತಾಯಿಯ ಪಕ್ಕದಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

“ಕಾಕಾರ ಅದಾರೇನ್ರಿ?” ಎಂದು ಕಳಕೇಶ ಒಳಗೆ ಬಂದ.

“ಜಳಕಾ ಮಾಡಾಕತ್ತಾರ. ಕುಂದರ್ರಿ, ಚಾ ಇಡ್ತೀನಿ,” ಎಂದಳು ಅನ್ನಪೂರ್ಣೇಶ್ವರಿ, ಬೇಸರವನ್ನು ಮುಚ್ಚಿಕೊಂಡು.

“ಚಾ ಆಮ್ಯಾಲ ಆತ್ರಿ ಅಕ್ಕಾರ. ಗಾಡಿಯವರು ಪಾಯಿಂಟ್ ಕೇಳಾಕತ್ತಾರ. ಲಗೂ ಮುಗಸಿ ಇನ್ನೊಂದು ಊರಿಗೆ ಹೋಗೂದೈತಿ. ಜಾಗಾ ನನಗ ಗೊತ್ತೈತಲ್ಲ.”

ಅವನು ಪಡಸಾಲೆಯಲ್ಲಿ ಕಡ್ಡಿ ತೆಗೆದ. ಅತ್ತಿತ್ತ ನೋಡಿದ. ಒಲೆಯ ಉರಿ ಕಂಡ ಕಡೆಗೆ, ಎಡಕ್ಕೆ ತಿರುಗಿದ.

ಅನ್ನಪೂರ್ಣೇಶ್ವರಿ ಬಾಯಿ ತೆರೆದಳು. ಸುವರ್ಣಾ ಅವಳ ಮೊಳಕೈ ಹಿಡಿದಳು.

ಕಳಕೇಶ ಹೊಸ್ತಿಲು ದಾಟಿದ. “ಒಲಿಗೆ ಕಟ್ಟಿ ಕಟ್ಟಿಸೀರಲ್ಲ, ಚಲೋ ಆತು,” ಎಂದ. ಕಡ್ಡಿಗಳು ಮುಂದೆ ಚಾಚಿದ್ದವು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಕಟ್ಟೆಯ ಹತ್ತಿರ, ಒಲೆಯ ಬಾಯಿಗೆ ಸರಿಯಾಗಿ, ಕಡ್ಡಿಗಳು ನಡುಗಿ, ತಿರುಗಿ, ಒಂದರ ಮೇಲೊಂದು ಬಿದ್ದವು. ಡಬ್ಬಿ ಕುಂಯ್ ಎಂದಿತು.

ಅದೇ ಹೊತ್ತಿಗೆ ಗುರುಸಂಗಪ್ಪ ಸೊಂಟಕ್ಕೆ ಟವೆಲು ಸುತ್ತಿಕೊಂಡು, ಒಂದು ಕಿವಿಯಲ್ಲಿ ಸಾಬೂನಿನ ನೊರೆ ಹಾಗೇ ಇಟ್ಟುಕೊಂಡು ಬಾಗಿಲಿಗೆ ಬಂದ.

ಕಳಕೇಶ ತಿರುಗಿ ನಕ್ಕ. “ಕಾಕಾರ, ಅದ ಜಾಗಾ! ಒಂದು ಬೆರಳೂ ಸರದಿಲ್ಲ!”

ಹಂಚಿನ ಮೇಲೆ ಅನ್ನಪೂರ್ಣೇಶ್ವರಿಯ ರೊಟ್ಟಿ ಸೀದು ವಾಸನೆ ಎದ್ದಿತು. ಅವಳ ರೊಟ್ಟಿ ಸೀದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

“ತಮ್ಮಾ,” ಎಂದಳು ಸಿದ್ದಲಿಂಗವ್ವ ಮೆಲ್ಲಗೆ, “ಹೋದಸಲ ನೀ ನೋಡಿದ್ದು ಆಚಿ ಕಡೆ ಕೋಲಿ. ಅಲ್ಲಿ ಈಗ ಚೀಲ ಅದಾವು. ಒಲಿ ನಾ ಈಚಿ ಕಡೆ ತಂದೀನಿ.”

ಕಳಕೇಶ ಹೊರಗೆ ಹೋಗಿ ಬಲಗಡೆಯ ಕೋಣೆಯೊಳಗೆ ಇಣುಕಿದ. ಚೀಲ ಕಂಡ. ಮತ್ತೆ ಬಂದು ಒಲೆ ಕಂಡ. ಹಣೆ ಒರೆಸಿಕೊಂಡ. “ಅಮಾಸಿ ಸನೇಕ ಬಂತಲ್ರಿ... ಜಲ ಎಳಕೊಂಡು ಈ ಕಡೆ ಬಂದಿರಬೇಕು.”

“ಬೆಕ್ಕ ಬಂದಂಗ!” ಎಂದಳು ಸಕ್ಕೂಬಾಯಿ, ತಡೆಯಲಾರದೆ. “ಒಲಿ ಎಲ್ಲಿ ಹೋದ್ರ ಅಲ್ಲಿ ಬೆಕ್ಕೂ ಹಿಂದ ಹೋಗ್ತೈತಿ ನೋಡ್ರಿ, ಬೆಚ್ಚಗಿರ್ತೈತಂತ! ನೀರಿಗೂ ಥಂಡಿ ಆಗಿತ್ತೇನೋ!”

ಸುವರ್ಣಾ ಜರಡಿ ಕೆಳಗಿಟ್ಟು ನಕ್ಕಳು. ಅನ್ನಪೂರ್ಣೇಶ್ವರಿ ನಕ್ಕಳು. ಕಳಕೇಶ ನಗಲಿಲ್ಲ. ಕಡ್ಡಿಗಳನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲ ಸಲ ನೋಡಿದವನಂತೆ ನೋಡುತ್ತಿದ್ದ.

“ಆಯಿ, ದೇವರಾಣಿ ಮಾಡಿ ಹೇಳ್ತೀನಿ. ನಾ ಕೈ ಅಳ್ಳಾಡ್ಸಿಲ್ಲ.”

“ಗೊತ್ತೈತಪಾ,” ಎಂದಳು ಸಿದ್ದಲಿಂಗವ್ವ. “ನನ್ನ ಗಂಡನೂ ಅಳ್ಳಾಡಸ್ತಿರಲಿಲ್ಲ. ಕುಂದ್ರು, ಬಿಸಿ ರೊಟ್ಟಿ ತಿಂದು ಹೋಗು.”

ಕಳಕೇಶ ತಿಂದ. ಎಳ್ಳು ಹಚ್ಚಿದ ಎರಡು ರೊಟ್ಟಿ, ಬೆಣ್ಣೆ, ಅಗಸೆ ಹಿಂಡಿ. ತಿನ್ನುತ್ತ ತಲೆ ಎತ್ತಲಿಲ್ಲ. ಹೋಗುವಾಗ ಗುರುಸಂಗಪ್ಪನ ಕಡೆ ನೋಡಿ, “ಕಾಕಾರ, ಗಾಡಿಯವರಿಗೆ ಏನ್ ಹೇಳ್ಲಿ?” ಎಂದ.

ಗುರುಸಂಗಪ್ಪನ ಕಿವಿಯ ನೊರೆ ಒಣಗಿತ್ತು. “ಬ್ಯಾಡಂತ ಹೇಳ್ರಿ,” ಎಂದು ಒಳಗೆ ಹೋದ.

*

ಆ ದಿನ ಸಂಜೆ ಅವನು ಊಟಕ್ಕೆ ಬರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಮಗಳು ಕರೆದಳು, “ಹಸಿವಿಲ್ಲ” ಎಂದ. ಹೆಂಡತಿ ಕರೆದಳು, ಮುಖ ಆಚೆ ತಿರುಗಿಸಿದ. ಅನ್ನಪೂರ್ಣೇಶ್ವರಿಗೆ ಕೋಣೆ ಉಳಿಯಿತೆಂಬ ಸಂತೋಷ ಬೆಳಿಗ್ಗೆಯಿಂದ ಎದೆಯಲ್ಲಿ ಕುಣಿಯುತ್ತಿತ್ತು. ಗಂಡನ ಮುಖ ನೋಡಿ ಅದೂ ಸುಮ್ಮನೆ ಕೂತಿತು.

“ನೀರು ಹೋತಂತ ಸಿಟ್ಟೇನ್ರಿ?” ಎಂದಳು ಪಕ್ಕದಲ್ಲಿ ಕೂತು.

“ನೀರಲ್ಲ. ಇವನ ಕಡ್ಡಿ ಸುಳ್ಳಾದ್ರ ಅಪ್ಪನ ಕಾಯಿ ಏನಾತು? ಊರ ಮುಂದ ನಾ ಯಾರ ಮಗ ಆದೆ?”

ಒಳಗೆ ಸಿದ್ದಲಿಂಗವ್ವನಿಗೆ ಆ ಮಾತು ಕೇಳಿಸಿತು. ಅವಳು ದೇವರ ಜಗಲಿಯ ಮೇಲಿನ ಕಾಯಿಯನ್ನು ಎತ್ತಿಕೊಂಡಳು. ಕೈ ಮುಗಿದಳು. ಒಡೆದಳು. ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಚೂರು ಬೆಲ್ಲ ಹಾಕಿ ಒರಳಿನಲ್ಲಿ ಜಜ್ಜಿ, ತಟ್ಟೆಯಲ್ಲಿ ರೊಟ್ಟಿಯ ಪಕ್ಕಕ್ಕಿಟ್ಟು ತಂದು ಮಗನ ಮುಂದೆ ಇಟ್ಟಳು.

ವಾಸನೆಗೇ ಅವನ ಕೈ ಮುಂದೆ ಬಂತು. ಒಂದು ತುತ್ತು ತಿಂದ. ಕಣ್ಣರಳಿಸಿದ.

“ಯವ್ವಾ! ಇದ. ಇದ ಚಟ್ನಿ. ನಾ ಸಣ್ಣಾಂವಿದ್ದಾಗಿಂದು!”

“ಹೂಂನಪಾ. ಅದ.”

“ನೋಡ, ಅನ್ನಪೂರ್ಣಾ, ಇಷ್ಟ ವರ್ಷ ಹೇಳೀನಿ. ನಿನ್ನ ಕೈಗೆ ಬರಲಿಲ್ಲ.”

“ಆಕಿ ಕೈ ತಪ್ಪಲ್ಲ,” ಎಂದಳು ತಾಯಿ. “ಆಕಿ ಸಂತ್ಯಾಗ ತಂದ ತಾಜಾ ಕಾಯಿ ಹಾಕ್ತಾಳ. ಇದು ವಾರಗಟ್ಟಲೆ ಜಗಲಿ ಮ್ಯಾಲ ಕುಂತ ಕಾಯಿ. ನೀರು ಬತ್ತಿ, ಅರ್ಧ ಕೊಬ್ಬರಿ ಆಗಿರ್ತೈತಿ. ಅದಕ್ಕ ಈ ರುಚಿ.”

“ನಾವ್ಯಾಕ ಒಣಗಿದ ಕಾಯಿ ತಿಂತಿದ್ವಿ?”

ಸಿದ್ದಲಿಂಗವ್ವ ಮಗನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

“ನಿಮ್ಮಪ್ಪ ಹಿಡದ ಕಾಯಿ ಹೊಲದವರ ಜಗಲಿ ಮ್ಯಾಲ ಇಡ್ತಿದ್ರು. ನೀರು ಬಿದ್ರ ಅಲ್ಲೇ ಗಂಗವ್ವಗ ಒಡದು ಎಲ್ಲಾರೂ ತಿನ್ನೂದು. ಅದು ನೀ ನೋಡೀದಿ. ನೀರು ಬೀಳಲಿಲ್ಲಂದ್ರ, ಕಾಯಿ ಹಿಡದಾಂವನ ಮನಿಗೆ ವಾಪಸ್ ಬರಬೇಕು. ಹಿತ್ತಲ ಬಾಗಲಿಗೆ ಬಂದು ನನ್ನ ಕೈಯಾಗ ಕೊಟ್ಟು ಹೋಗ್ತಿದ್ರು. ಒಗೀಲಿಕ್ಕೆ ಬರ್ತೈತೇನು ದೇವರ ಮುಂದಿಟ್ಟಿದ್ದು? ಚಟ್ನಿ ಮಾಡ್ತಿದ್ದೆ.”

ಗುರುಸಂಗಪ್ಪ ಎತ್ತಿದ ತುತ್ತು ಹಾಗೇ ಹಿಡಿದ. ಅವನ ಮನಸ್ಸಿನಲ್ಲಿ ಬಾಲ್ಯದ ಊಟಗಳೆಲ್ಲ ಒಂದೊಂದಾಗಿ ಸಾಲುಗಟ್ಟಿ ಬಂದವು.

“ಯವ್ವಾ,” ಎಂದ ತಗ್ಗಿದ ದನಿಯಲ್ಲಿ, “ನಾವು ಈ ಚಟ್ನಿ ಭಾಳ ತಿಂತಿದ್ವಲ್ಲ?”

“ಭಾಳ ತಿಂದೀವಪಾ.”

ಸುವರ್ಣಾ ಏನೋ ಹೇಳಲು ಹೊರಟಳು. ತಾಯಿ ಅವಳ ಬಾಯಿಗೆ ಒಂದು ತುಂಡು ರೊಟ್ಟಿ ತುರುಕಿದಳು.

“ಅಂದ್ರ ಅಪ್ಪ ಜನರಿಗೆ ಸುಳ್ಳು ಹೇಳ್ತಿದ್ನೇನು?”

“ಇಲ್ಲ. ಆತನ ಕೈಯಾಗ ಖರೇನ ಏಳ್ತಿತ್ತು. ಯಾಕ ಏಳ್ತಿತ್ತೋ ಆತಗೂ ಗೊತ್ತಿರಲಿಲ್ಲ. ಕಾಯಿ ವಾಪಸ್ ಬಂದ ದಿನ ನೀವೆಲ್ಲಾ ಬೆರಳ ಚೀಪತಿದ್ರಿ. ಆತ ಆ ಚಟ್ನಿ ಮುಟ್ಟತಿರಲಿಲ್ಲ. ಮಜ್ಜಿಗಿ ಕಲಸಿ ಉಂಡು ಏಳತಿದ್ದ. ಕಡೀ ಕಡೀಕ ಹೊಲದವರಿಗೆ ಹೇಳಿ ನೋಡಿದ, ‘ನನ್ನೊಬ್ಬನ ನಂಬಬ್ಯಾಡ್ರಿ, ಮತ್ತೊಬ್ಬರನ್ನೂ ಕೇಳ್ರಿ’ ಅಂತ. ಜನ ಬಿಡಲಿಲ್ಲ. ನೀರು ಬಿದ್ದ ಬಾವಿ ಊರಿಗೆ ಕಾಣತೈತಿ. ಬೀಳದ ತೆಗ್ಗು ಮುಚ್ಚಿ ಜ್ವಾಳ ಬಿತ್ತಿಬಿಡ್ತಾರ. ಅದನ್ನ ಯಾರು ನೆನಪಿಡ್ತಾರ?”

“ನೀ ಇಟ್ಟೀಯಲ್ಲ.”

“ನಾ ಚಟ್ನಿ ಅರದಾಕಿ,” ಎಂದಳು ಸಿದ್ದಲಿಂಗವ್ವ. “ದೇವರಿಗೆ ದಿನಾ ಕೈ ಮುಗೀತೀನಿ. ಆದ್ರ ನೀರು ಎಲ್ಲೈತಂತ ತೋರ್ಸೂದು ಆತನ ಕೆಲಸ ಅಂತ ಒಂದ ದಿನಾನೂ ಅನಸಲಿಲ್ಲ ನೋಡು. ಉಣ್ಣು ಈಗ. ನಿಮ್ಮಪ್ಪ ಮುಟ್ಟದ್ದನ್ನ ನೀನರ ಮುಟ್ಟು.”

ಗುರುಸಂಗಪ್ಪ ತುತ್ತು ಬಾಯಿಗಿಟ್ಟ. ಅಗಿದ. ನುಂಗಿದ. ಬಳಿಕ ಭುಜ ಕುಣಿಯತೊಡಗಿತು. ಅಳುತ್ತಿದ್ದಾನೆಂದು ಅನ್ನಪೂರ್ಣೇಶ್ವರಿ ಗಾಬರಿಯಾದಳು. ಅವನು ನಗುತ್ತಿದ್ದ.

“ಮುಶಿಗೇರಿಯವರು ವರ್ಷಾ ವರ್ಷಾ ಕರೀತಿದ್ರು ಅಪ್ಪನ್ನ,” ಎಂದ ನಗುವಿನ ನಡುವೆ. “ಅಪ್ಪ ಹೋದನಂದ್ರ ನನಗ ಖುಷಿ. ಇನ್ನೇನು ಚಟ್ನಿ ಬರ್ತೈತಂತ! ಅವರ ಹೊಲ ಒಣಾ ಇರಲಿ ಅಂತ ನಾ ಕಾಯ್ತಿದ್ದೆ ನೋಡ, ಗೊತ್ತಿಲ್ಲದ!”

ಸುವರ್ಣಾ ರೊಟ್ಟಿ ನುಂಗಿ ನಕ್ಕಳು. ಎಲ್ಲರೂ ತಟ್ಟೆ ತಂದು ಅಲ್ಲಿಯೇ ಕೂತರು. ಆ ಚಟ್ನಿ ಉಳಿಯಲಿಲ್ಲ.

ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲಿ ಬಂದರು. ಹಳ್ಳದ ದಂಡೆಯ ಬಾವಿಗೂ ಒಂದು ಕಡುಬು ಬಿತ್ತು, ಅಂದಾನೆಪ್ಪನದೆಂದು. ಮುಂದಿನ ವಾರ ಗುರುಸಂಗಪ್ಪ ಬಲಗಡೆಯ ಕೋಣೆಯ ಚೀಲಗಳನ್ನು ತಾನೇ ಹೊತ್ತು ಹೊರಗಿಟ್ಟು, ಕಲ್ಲು ತರಿಸಿ, ಸೊಂಟದೆತ್ತರಕ್ಕೆ ಉದ್ದನೆಯ ಕಟ್ಟೆ ಕಟ್ಟಿಸಿದ. “ಎರಡೂ ಕೋಲ್ಯಾಗ ಒಲಿ ಇರಲಿ. ಮದಿವಿ ಹಂಗಾಮಿಗೆ ಇನ್ನಿಬ್ಬರು ಹೆಣಮಕ್ಕಳು ಬಂದ್ರ ಜಾಗಾ ಆಗ್ತೈತಿ,” ಎಂದ. ನಳ ಬಂದ ದಿನ ತುಂಬಿಡಲು ಹಿತ್ತಲಿಗೆ ಒಂದು ದೊಡ್ಡ ನೀರಿನ ಟ್ಯಾಂಕು ಬಂತು. ಹೊಸ ಕಟ್ಟೆಗೆ ಸಿದ್ದಲಿಂಗವ್ವ ಎಡಗಡೆಯ ಒಲೆಯಿಂದ ಕೆಂಡ ಒಯ್ದಳು, ಪದ ಹೇಳುತ್ತ. ತಾಮ್ರದ ತಟ್ಟೆ ಮಾತ್ರ ಕೊಡದ ಮೇಲೆಯೇ ಉಳಿಯಿತು. ಅದಕ್ಕಿಂತ ಚಲೋ ಮುಚ್ಚಳ ಸಂತೆಯಲ್ಲಿಯೂ ಸಿಗುವುದಿಲ್ಲವೆಂದು ಅನ್ನಪೂರ್ಣೇಶ್ವರಿಯೇ ಒಪ್ಪಿಕೊಂಡಳು. ಗುರುಸಂಗಪ್ಪ ತಟ್ಟೆಯ ಕಡೆ ನೋಡಿ ಒಮ್ಮೊಮ್ಮೆ, “ಆದ್ರೂ ನೀರು ಸ್ವಲ್ಪ ಸಿಹಿ ಆಗೇತಿ,” ಎನ್ನುವುದುಂಟು.

ಗಜೇಂದ್ರಗಡದಿಂದ ಕಳಕೇಶ ಫೋನು ಮಾಡಿ ತಂಗಿಯ ಸೀಮಂತಕ್ಕೆ ಎಳ್ಳು ಹಚ್ಚಿದ ರೊಟ್ಟಿ ಬೇಕೆಂದ. ಈಗ ಪಂಪ್‌ಸೆಟ್ ರಿಪೇರಿ ಮಾಡುತ್ತಾನಂತೆ. ಕಡ್ಡಿಗಳನ್ನು ಏನು ಮಾಡಿದೆ ಎಂದು ಯಾರೂ ಕೇಳಲಿಲ್ಲ.

ಸಂತೆಯ ದಿನ ಗುರುಸಂಗಪ್ಪ ರೋಣದಿಂದ ಬಂದು ಚೀಲದೊಳಗಿಂದ ಒಂದು ತೆಂಗಿನಕಾಯಿ ತೆಗೆದ. ಯಾರಿಗೂ ಕೊಡದೆ ನೆಟ್ಟಗೆ ದೇವರ ಜಗಲಿಗೆ ಹೋಗಿ ಇಟ್ಟು ಬಂದ. “ಇದನ್ನ ಒಂದು ತಿಂಗಳ ಯಾರೂ ಮುಟ್ಟಬ್ಯಾಡ್ರಿ. ಬತ್ತಲಿ,” ಎಂದ.

ಅನ್ನಪೂರ್ಣೇಶ್ವರಿ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು:

“ಯಾರ ಹೊಲದಾಗ ನೀರು ಬಿದ್ದಿಲ್ಲಂತ್ರಿ?”